ಅಜ್ಟೆಕ್ ಸಾಮ್ರಾಜ್ಯದ ಪತನವೂ ಸೋತವರ ಸಾಕ್ಷ್ಯವೂ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯವರು ಕೇಳಿದರು. ನಮ್ಮ ಧರ್ಮಕೇಂದ್ರದ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಇದೇ ಸಂಚಿಕೆಯಲ್ಲಿ ಬರೆದಿರುವುದರಿಂದ ನಾನು ಆ ಗೋಜಿಗೆ ಹೋಗಿಲ್ಲ. ನಾನು ಆರಿಸಿಕೊಂಡಿರುವುದು ದೂರದ ಮೆಕ್ಸಿಕೊ ದೇಶದಲ್ಲಿ ಐದು ಶತಮಾನಗಳ ಹಿಂದೆ ನಡೆದ ವೃತ್ತಾಂತ. ಇದನ್ನು ಬರೆಯುವುದು ನನ್ನ ಮಟ್ಟಿಗೆ ಒಂದು ಹಳೆಯ ಸಾಲವನ್ನು ತೀರಿಸಿದಂತೆ.

ಗುರುದೀಕ್ಷೆ ಪಡೆದ ಹೊಸತರಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳಿಗೆ ನಾನು ಈ ಕಥೆಯನ್ನು ಹೇಳಿದ್ದೆ. ಸೆಮಿನರಿಯಲ್ಲಿ ಓದಿದ್ದ ಒಂದು ಹಳೆಯ ಪುಸ್ತಕದಲ್ಲಿ ಇದ್ದಂತೆಯೇ ಹೇಳಿದ್ದೆ: ನರಬಲಿಯ ಕತ್ತಲೆಯಲ್ಲಿ ಮುಳುಗಿದ್ದ ದೇಶ, ಶಿಲುಬೆಯ ಪತಾಕೆ ಹಿಡಿದು ಬಂದ ಕೆಲವೇ ನೂರು ವೀರರು, ಅವರನ್ನು ದೇವತೆಗಳೆಂದೇ ಬಗೆದು ತಲೆಬಾಗಿದ ಅರಸ, ಕಡೆಗೆ ಸತ್ಯಧರ್ಮದ ವಿಜಯ. ಕಥೆ ಮುಗಿದ ಮೇಲೆ ಹತ್ತು ಹನ್ನೊಂದು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, "ಸ್ವಾಮಿ, ಅವರು ಏನು ಹೇಳಿದರು?" ಎಂದು ಕೇಳಿದಳು. "ಯಾರಮ್ಮ?" ಎಂದೆ. "ಸೋತವರು" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಹೊತ್ತಾಯಿತೆಂದು ಹೇಳಿ ತರಗತಿಯನ್ನು ಬಿಟ್ಟುಬಿಟ್ಟೆ. ನಿಜವಾಗಿ ಇನ್ನೂ ಕಾಲು ಗಂಟೆ ಉಳಿದಿತ್ತು.

ಸೋತವರು ಹೇಳಿದ ಮಾತುಗಳು ಉಳಿದಿವೆಯೆಂದೂ ಅವುಗಳನ್ನು ಬರೆಸಿಟ್ಟವರು ಒಬ್ಬ ಕಥೋಲಿಕ ಸನ್ಯಾಸಿಯೆಂದೂ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಅನಂತರ.

ನಾವು ಅಜ್ಟೆಕರೆಂದು ಕರೆಯುವ ಜನರು ತಮ್ಮನ್ನು ಮೆಶಿಕರೆಂದು ಕರೆದುಕೊಳ್ಳುತ್ತಿದ್ದರು. ಅವರ ಭಾಷೆ ನಾವಾತ್ಲ್. ಸಮುದ್ರಮಟ್ಟದಿಂದ 2,200 ಮೀಟರಿಗೂ ಎತ್ತರದ ಕಣಿವೆಯಲ್ಲಿ, ತೆಸ್ಕೊಕೊ ಎಂಬ ಸರೋವರದ ನಡುಗಡ್ಡೆಯ ಮೇಲೆ, ಕಳ್ಳಿಯ ಮೇಲೆ ಕುಳಿತ ಹದ್ದನ್ನು ಕಂಡ ಸ್ಥಳದಲ್ಲಿ ಅವರು 1325ರಲ್ಲಿ ತೆನೊಚ್‌ತಿತ್ಲಾನ್ ನಗರವನ್ನು ಕಟ್ಟಿದರೆಂಬುದು ಐತಿಹ್ಯ. ಆ ಹದ್ದೂ ಕಳ್ಳಿಯೂ ಇಂದಿನ ಮೆಕ್ಸಿಕೊ ದೇಶದ ಧ್ವಜದಲ್ಲಿವೆ. ನಮ್ಮ ಹೊಲಗಳ ಬೇಲಿಯಲ್ಲಿ ಬೆಳೆಯುವ ಪಾಪಾಸುಕಳ್ಳಿಯೂ ಅದೇ ಜಾತಿಯ ಗಿಡ. ಮೂಲ ಅಮೆರಿಕ ಖಂಡ. ನಾವು ದಿನನಿತ್ಯ ಅರೆಯುವ ಮೆಣಸಿನಕಾಯಿ, ಸಾರಿಗೆ ಹಾಕುವ ಟೊಮೆಟೊ, ಮುಸುಕಿನ ಜೋಳ, ಹಬ್ಬದಲ್ಲಿ ದೇವಾಲಯದ ಬಾಗಿಲಿಗೆ ಮಾಲೆ ಕಟ್ಟುವ ಚೆಂಡುಹೂವು, ಇವೆಲ್ಲವೂ ಆ ಜನರ ತೋಟಗಳಲ್ಲಿದ್ದವು.

ಆ ತೋಟಗಳನ್ನು ಬೆಳೆಸಿದ ಬಗೆ ಆಶ್ಚರ್ಯಕರವಾದದ್ದು. ಸರೋವರದ ಆಳವಿಲ್ಲದ ಭಾಗದಲ್ಲಿ ಗೂಟಗಳನ್ನು ನೆಟ್ಟು, ತಡಿಕೆ ಹೆಣೆದು, ಕೆಸರನ್ನೆತ್ತಿ ತುಂಬಿ, ನೀರಿನ ನಡುವೆ ಮಡಿಗಳನ್ನು ಮಾಡಿ ವರ್ಷಕ್ಕೆ ಹಲವು ಬೆಳೆ ತೆಗೆಯುತ್ತಿದ್ದರು. ದಡಕ್ಕೂ ನಗರಕ್ಕೂ ಸರೋವರದ ಮೇಲೆಯೇ ಹಾಯ್ದ ಅಗಲವಾದ ಏರಿಗಳೇ ರಸ್ತೆಗಳು. ಚಪುಲ್ತೆಪೆಕ್ ಗುಡ್ಡದ ಚಿಲುಮೆಯಿಂದ ಕಾಲುವೆಯ ಮೂಲಕ ಕುಡಿಯುವ ನೀರು ಬರುತ್ತಿತ್ತು. ನಗರದ ಜನಸಂಖ್ಯೆ ಎರಡು ಲಕ್ಷದ ಆಸುಪಾಸಿನಲ್ಲಿತ್ತೆಂದು ಹಲವು ವಿದ್ವಾಂಸರ ಅಂದಾಜು; ಅಷ್ಟು ದೊಡ್ಡ ನಗರ ಆಗ ಸ್ಪೇನಿನಲ್ಲಿ ಇರಲಿಲ್ಲ. ಶ್ರೀಕೃಷ್ಣದೇವರಾಯನು ಆಳುತ್ತಿದ್ದಾಗ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಅದನ್ನು ರೋಮ್ ನಗರಕ್ಕೆ ಹೋಲಿಸಿ ಬೆರಗಾದದ್ದನ್ನು ನಾವು ಓದಿದ್ದೇವೆ. ಅದೇ ದಿನಗಳಲ್ಲಿ, ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಬೆರ್ನಾಲ್ ದಿಯಾಸ್ ಎಂಬ ಸ್ಪೇನಿನ ಸಿಪಾಯಿ ಈ ಸರೋವರನಗರವನ್ನು ಕಂಡು, ಇದು ಕನಸೋ ಎಚ್ಚರವೋ ಎಂದು ತನ್ನ ಜೊತೆಗಾರರು ಪರಸ್ಪರ ಕೇಳಿಕೊಂಡುದನ್ನು ಮುಪ್ಪಿನಲ್ಲಿ ಬರೆದಿಟ್ಟಿದ್ದಾನೆ.

ನರಬಲಿಯ ವಿಷಯವನ್ನು ಮರೆಮಾಚುವಂತಿಲ್ಲ. ಸೋತವರ ಬಗ್ಗೆ ಕನಿಕರವುಳ್ಳ ಕೆಲವು ಲೇಖಕರು ಇದನ್ನು ತೇಲಿಸಿ ಬಿಡುವುದುಂಟು, ಅದು ಸರಿಯಲ್ಲ. ಸೂರ್ಯನು ದಿನವೂ ಉದಯಿಸಬೇಕಾದರೆ ಮಾನವರಕ್ತ ಬೇಕೆಂದು ಅವರು ನಂಬಿದ್ದರು. ಮಹಾದೇವಾಲಯದ ಬಳಿ 2015ರಿಂದ ನಡೆದ ಉತ್ಖನನದಲ್ಲಿ ತಲೆಬುರುಡೆಗಳ ಗೋಪುರವೇ ದೊರೆತಿದೆ. ಅವುಗಳಲ್ಲಿ ಸ್ತ್ರೀಯರ ಮತ್ತು ಮಕ್ಕಳ ಬುರುಡೆಗಳೂ ಇವೆ. ಬಲಿಗೆ ಬೇಕಾದ ಸೆರೆಯಾಳುಗಳು ಯುದ್ಧದಿಂದ ಬರಬೇಕು. ಗೆದ್ದ ಊರುಗಳು ಹತ್ತಿ, ಕೋಕೊ, ಹಕ್ಕಿಗರಿ, ಚಿನ್ನಗಳನ್ನು ಕಪ್ಪವಾಗಿ ಒಪ್ಪಿಸಬೇಕು. ಆದ್ದರಿಂದ ಸುತ್ತಲ ಜನಾಂಗಗಳಲ್ಲಿ, ಅದರಲ್ಲಿಯೂ ಪೂರ್ವದ ತ್ಲಾಸ್ಕಾಲ ರಾಜ್ಯದಲ್ಲಿ, ತಲೆಮಾರುಗಳ ದ್ವೇಷ ಹೊಗೆಯಾಡುತ್ತಿತ್ತು. ಈ ದ್ವೇಷವನ್ನು ಅರಿಯದೆ ಮುಂದಿನ ಕಥೆ ಅರ್ಥವಾಗದು.

ಎರ್ನಾನ್ ಕೊರ್ತೆಸ್ 1519ರ ಫೆಬ್ರವರಿಯಲ್ಲಿ ಕ್ಯೂಬಾ ದ್ವೀಪದಿಂದ ಹೊರಟನು. ಹನ್ನೊಂದು ಹಡಗು, ಸುಮಾರು ಐನೂರು ಸಿಪಾಯಿಗಳು, ಹದಿನಾರು ಕುದುರೆ, ಕೆಲವು ಫಿರಂಗಿ. ಕ್ಯೂಬಾದ ರಾಜ್ಯಪಾಲನು ಕಡೆಗಳಿಗೆಯಲ್ಲಿ ಅಪ್ಪಣೆಯನ್ನು ಹಿಂತೆಗೆದುಕೊಂಡರೂ ಈತ ಕೇಳಲಿಲ್ಲ. ಆತನ ಪತಾಕೆಯ ಮೇಲೆ ಶಿಲುಬೆ. ಅದರ ಸುತ್ತ, ಈ ಶಿಲುಬೆಯನ್ನು ಹಿಂಬಾಲಿಸಿದರೆ ಗೆಲ್ಲುವೆವು ಎಂಬ ಅರ್ಥದ ಲ್ಯಾಟಿನ್ ವಾಕ್ಯ. ಮೆಕ್ಸಿಕೊ ಕರಾವಳಿಯಲ್ಲಿ ಸೈನ್ಯ ದಡಕ್ಕಿಳಿದದ್ದು ಏಪ್ರಿಲ್ 22ರಂದು. ಅಂದು ಶುಭ ಶುಕ್ರವಾರ. ಆ ಕಾರಣದಿಂದಲೇ ಅಲ್ಲಿ ಸ್ಥಾಪಿಸಿದ ಊರಿಗೆ ವೆರಾ ಕ್ರೂಸ್, ಎಂದರೆ ನಿಜ ಶಿಲುಬೆ, ಎಂದು ಹೆಸರಿಟ್ಟರು. ತನ್ನನ್ನು ಕೊಲ್ಲಿಸಿಕೊಂಡವನ ದಿನದಂದು ಕೊಲ್ಲುವವರು ದಡಕ್ಕಿಳಿದರು. ಈ ವಿಪರ್ಯಾಸ ಅವರಲ್ಲಿ ಯಾರಿಗಾದರೂ ಹೊಳೆಯಿತೋ ಇಲ್ಲವೋ.

ಇದಕ್ಕೆ ಮೊದಲು ತಬಾಸ್ಕೊ ತೀರದಲ್ಲಿ ಸೋತ ನಾಯಕರು ಇಪ್ಪತ್ತು ಮಂದಿ ಸ್ತ್ರೀಯರನ್ನು ಕೊರ್ತೆಸನಿಗೆ ಕಾಣಿಕೆಯಾಗಿ ಒಪ್ಪಿಸಿದ್ದರು. ಅವರಿಗೆ ಜ್ಞಾನಸ್ನಾನ ಕೊಡಿಸಿ, ಅನಂತರ ಸೈನ್ಯಾಧಿಕಾರಿಗಳಿಗೆ ಹಂಚಲಾಯಿತು. ಮೂವತ್ತು ವರ್ಷಗಳಿಗೂ ಮಿಕ್ಕಿ ಈ ಪವಿತ್ರ ಸಂಸ್ಕಾರವನ್ನು ನೀಡುತ್ತ ಬಂದಿರುವ ನನಗೆ ಆ ಒಂದು ವಾಕ್ಯವನ್ನು ಓದಿ ಪುಟವನ್ನು ತಿರುವುವುದು ಸುಲಭವಾಗಲಿಲ್ಲ. ಅವರಲ್ಲಿ ಒಬ್ಬಳೇ ಮಲಿಂತ್ಸಿನ್. ಸ್ಪೇನಿನವರು ಇಟ್ಟ ಹೆಸರು ಮರೀನಾ. ಗುಲಾಮಳಾಗಿ ಮಾರಲ್ಪಟ್ಟಿದ್ದ ಈಕೆಗೆ ನಾವಾತ್ಲ್ ಭಾಷೆಯೂ ಮಾಯಾ ಭಾಷೆಯೂ ಬರುತ್ತಿದ್ದವು. 1511ರಲ್ಲಿ ಹಡಗೊಡೆದು ಮಾಯಾ ಜನರ ನಡುವೆ ಸಿಕ್ಕಿಬಿದ್ದಿದ್ದ ಹೆರೊನಿಮೊ ದೆ ಅಗಿಲಾರ್ ಎಂಬ ಸ್ಪೇನಿನವನು ಮಾಯಾ ಭಾಷೆಯಿಂದ ಸ್ಪ್ಯಾನಿಷಿಗೆ ತಿರುಗಿಸುತ್ತಿದ್ದ. ಒಂದು ಸಾಮ್ರಾಜ್ಯದ ಅಳಿವು ಉಳಿವಿನ ಮಾತುಕತೆ ಹೀಗೆ ಮೂರು ಭಾಷೆಗಳ ಮೂಲಕ ಹಾಯ್ದುಹೋಯಿತು. ಮುಂದೆ ಆಕೆಯೇ ಸ್ಪ್ಯಾನಿಷ್ ಕಲಿತಳು.

ಸೈನ್ಯದೊಡನೆ ಬಾರ್ತೊಲೊಮೆ ದೆ ಓಲ್ಮೆದೊ ಎಂಬ ಮೆರ್ಸೆದಾರಿಯನ್ ಸಭೆಯ ಗುರುಗಳಿದ್ದರು. ತ್ಲಾಸ್ಕಾಲದಲ್ಲಿ ಅಲ್ಲಿನವರ ವಿಗ್ರಹಗಳನ್ನು ಕೂಡಲೇ ಕಿತ್ತೆಸೆಯಲು ಕೊರ್ತೆಸ್ ಆತುರಪಟ್ಟಾಗ, ಬಲಾತ್ಕಾರದಿಂದ ಯಾರನ್ನೂ ಕ್ರೈಸ್ತರನ್ನಾಗಿ ಮಾಡಬಾರದೆಂದು ಈ ಗುರುಗಳೇ ತಡೆದರೆಂದು ಬೆರ್ನಾಲ್ ದಿಯಾಸ್ ಬರೆಯುತ್ತಾನೆ. ನನ್ನ ಹಳೆಯ ಪುಸ್ತಕದಲ್ಲಿ ಪತಾಕೆಯ ವರ್ಣನೆಗೆ ಒಂದು ಪುಟವಿತ್ತು; ಈ ಗುರುಗಳ ಹೆಸರು ಇರಲಿಲ್ಲ.

ತ್ಲಾಸ್ಕಾಲದವರು ಮೊದಲು ಕಾದಾಡಿ, ಅನಂತರ ಕೊರ್ತೆಸನ ಮಿತ್ರರಾದರು. ದಾರಿಯಲ್ಲಿ ಚೊಲುಲ ನಗರದಲ್ಲಿ ಭೀಕರ ಹತ್ಯಾಕಾಂಡ ನಡೆಯಿತು. 1519ರ ನವೆಂಬರ್ 8ರಂದು ಸರೋವರದ ದಕ್ಷಿಣದ ಏರಿಯ ಮೇಲೆ ಚಕ್ರವರ್ತಿ ಮೊತೆಸುಮನು ಕೊರ್ತೆಸನನ್ನು ಎದುರುಗೊಂಡನು. ಆತನು ಬಂದವರನ್ನು ಮರಳಿ ಬಂದ ಕೆತ್ಸಾಲ್ಕೊವಾತ್ಲ್ ದೇವತೆಯೆಂದು ನಂಬಿದನೆಂಬ ಪ್ರಸಿದ್ಧ ಕಥೆಯನ್ನು ಇಂದಿನ ಇತಿಹಾಸಕಾರರಲ್ಲಿ ಅನೇಕರು ಒಪ್ಪುವುದಿಲ್ಲ. ಅದು ರೂಪುಗೊಂಡದ್ದು ಪತನವಾಗಿ ದಶಕಗಳು ಕಳೆದ ಮೇಲೆ. ಗೆದ್ದವರಿಗೆ ಅದು ಹೆಮ್ಮೆ. ಸೋತವರ ಮಕ್ಕಳಿಗೋ, ಅಷ್ಟು ಬಲಿಷ್ಠರಾಗಿದ್ದ ತಮ್ಮ ಹಿರಿಯರು ಹೇಗೆ ಸೋತರೆಂಬುದಕ್ಕೆ ಒಂದು ಸಮಾಧಾನ. ಮಕ್ಕಳ ಮುಂದೆ ನಾನು ಅತಿ ಹೆಚ್ಚು ಅಭಿನಯದಿಂದ ಹೇಳಿದ ಭಾಗವೇ ಅದು.

ಅತಿಥಿಗಳಾಗಿ ಬಂದವರು ಕೆಲವೇ ದಿನಗಳಲ್ಲಿ ಆತಿಥೇಯನನ್ನು ಸೆರೆಹಿಡಿದರು. 1520ರ ಮೇ ತಿಂಗಳಲ್ಲಿ ಕ್ಯೂಬಾದಿಂದ ತನ್ನನ್ನು ಬಂಧಿಸಲು ಬಂದ ನರ್ವಾಯೆಸನ ಪಡೆಯನ್ನು ಎದುರಿಸಲು ಕೊರ್ತೆಸ್ ಕರಾವಳಿಗೆ ಹೋದಾಗ, ನಗರದಲ್ಲಿ ಉಳಿದ ಪೆದ್ರೊ ದೆ ಅಲ್ವರಾದೊ ಒಂದು ಘೋರಕೃತ್ಯವನ್ನೆಸಗಿದನು. ಮೆಶಿಕರು ಅವನ ಅಪ್ಪಣೆ ಪಡೆದೇ ತಮ್ಮ ತೋಷ್ಕಾತ್ಲ್ ಹಬ್ಬವನ್ನು ಆಚರಿಸುತ್ತಿದ್ದರು. ಆಯುಧವಿಲ್ಲದ ಯುವಕರು ಕೈಕೈ ಹಿಡಿದು ಕುಣಿಯುತ್ತಿದ್ದಾಗ ದೇವಾಲಯದ ಅಂಗಳದ ಬಾಗಿಲುಗಳನ್ನು ಮುಚ್ಚಿಸಿ ಅವರನ್ನು ಕಡಿಸಿದನು. ಮೊದಲು ಬಿದ್ದದ್ದು ನಗಾರಿ ಬಾರಿಸುತ್ತಿದ್ದವನ ಕೈಗಳು. ಊರು ಸಿಡಿದೆದ್ದಿತು. ಮೊತೆಸುಮನು ಸೆರೆಯಲ್ಲಿಯೇ ಸತ್ತನು. ತನ್ನ ಪ್ರಜೆಗಳ ಕಲ್ಲೇಟಿನಿಂದ ಎಂದು ಸ್ಪೇನಿನವರೂ, ಸ್ಪೇನಿನವರೇ ಕೊಂದರೆಂದು ಮೆಶಿಕರೂ ಹೇಳಿದರು. ಜೂನ್ 30ರ ರಾತ್ರಿ ಓಡಿಹೋಗುವಾಗ ಏರಿಯ ಮೇಲೆ ನೂರಾರು ಮಂದಿ ಸಿಪಾಯಿಗಳೂ ಅವರಿಗಿಂತ ಹೆಚ್ಚು ತ್ಲಾಸ್ಕಾಲದವರೂ ಮಡಿದರು. ಚಿನ್ನವನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದ ಕೆಲವರು ಅದರ ಭಾರದಿಂದಲೇ ಮುಳುಗಿದರು. ಸ್ಪೇನಿನವರು ಅದನ್ನು ದುಃಖದ ರಾತ್ರಿ ಎಂದು ಕರೆದರು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ನರ್ವಾಯೆಸನ ಹಡಗುಗಳ ಜೊತೆಗೆ ಸಿಡುಬು ಬಂದಿತ್ತು. ನಮ್ಮಲ್ಲಿ ಐವತ್ತು ದಾಟಿದವರ ತೋಳಿನ ಮೇಲೆ ಆ ರೋಗದ ಚುಚ್ಚುಮದ್ದಿನ ಗುರುತು ಇಂದಿಗೂ ಇದೆ. ಭಾರತದಲ್ಲಿ ಅದರ ಕಡೆಯ ಪ್ರಕರಣ ಕಂಡದ್ದು 1975ರಲ್ಲಿ. ಮನೆಮನೆಯಲ್ಲಿ ಅದರ ಭಯವನ್ನು ಕಂಡ ನಮ್ಮ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿರಲಿಲ್ಲ. ಸ್ಪೇನಿನವರಲ್ಲಿ ಹಲವರು ಬಾಲ್ಯದಲ್ಲಿಯೇ ಅದನ್ನು ದಾಟಿ ಬಂದವರು. ಮೆಕ್ಸಿಕೊದ ಜನರ ರಕ್ತಕ್ಕೆ ಅದರ ಪರಿಚಯವೇ ಇರಲಿಲ್ಲ. ಮನೆಯವರೆಲ್ಲರೂ ಏಕಕಾಲಕ್ಕೆ ಮಲಗಿದ್ದರಿಂದ ಅಡುಗೆ ಮಾಡುವವರಿಲ್ಲದೆ, ನೀರು ಕೊಡುವವರಿಲ್ಲದೆ, ರೋಗದಿಂದ ಉಳಿಯಬಹುದಾಗಿದ್ದವರೂ ಹಸಿವಿನಿಂದ ಸತ್ತರು. ಹೊಸ ಅರಸ ಕ್ವಿತ್ಲಾವಾಕನು ಪಟ್ಟವೇರಿ ಮೂರು ತಿಂಗಳು ತುಂಬುವುದರೊಳಗೆ ಇದೇ ರೋಗಕ್ಕೆ ತುತ್ತಾದನು.

ಅವನ ಅನಂತರ ಪಟ್ಟಕ್ಕೆ ಬಂದವನು ಯುವಕನಾದ ಕ್ವಾವ್ತೆಮೋಕ್. ಕೊರ್ತೆಸ್ ತ್ಲಾಸ್ಕಾಲದಲ್ಲಿ ಹದಿಮೂರು ನೌಕೆಗಳ ಮರಮುಟ್ಟನ್ನು ಸಿದ್ಧಪಡಿಸಿ, ಸಾವಿರಾರು ಕೂಲಿಗಳ ಹೆಗಲ ಮೇಲೆ ಬೆಟ್ಟ ದಾಟಿಸಿ, 1521ರ ಏಪ್ರಿಲಿನಲ್ಲಿ ಸರೋವರಕ್ಕೆ ಇಳಿಸಿದನು. ನಗರಕ್ಕೆ ನೀರು ತರುವ ಕಾಲುವೆಯನ್ನು ಕಡಿಸಿದನು. ಸುತ್ತುವರಿದ ಸೈನ್ಯದಲ್ಲಿ ಸ್ಪೇನಿನವರು ಸಾವಿರಕ್ಕೂ ಕಡಿಮೆ; ಸ್ಥಳೀಯ ಮಿತ್ರರು ಹತ್ತಾರು ಸಾವಿರ. 'ಕೆಲವೇ ನೂರು ವೀರರ' ಗೆಲುವು ಎಂಬುದು ಈ ಲೆಕ್ಕದ ಮುಂದೆ ನಿಲ್ಲದು. ಎಪ್ಪತ್ತೈದು ದಿನಗಳಿಗೂ ಹೆಚ್ಚು ಕಾಲ ಮೆಶಿಕರು ಬೀದಿಬೀದಿಯಲ್ಲಿ ಕಾದಿದರು. ಒಳಗೆ ತಿನ್ನಲು ಹಲ್ಲಿ, ಬಾನಾಡಿ, ಜೋಳದ ದಂಟು, ಚರ್ಮದ ತುಂಡು. ಆಗಸ್ಟ್ 13ರಂದು ದೋಣಿಯಲ್ಲಿ ಸೆರೆಸಿಕ್ಕ ಕ್ವಾವ್ತೆಮೋಕನು ಕೊರ್ತೆಸನ ಸೊಂಟದ ಕಠಾರಿಯನ್ನು ಮುಟ್ಟಿ, ತನ್ನ ಕೈಲಾದುದನ್ನು ಮಾಡಿ ಮುಗಿಸಿದ್ದಾಯಿತು, ಇನ್ನು ಇದರಿಂದ ಕೊಂದುಬಿಡು ಎಂದನು. ಇದನ್ನು ಬರೆದವನು ಕೊರ್ತೆಸನೇ. ಕೊಲ್ಲಲಿಲ್ಲ, ಚಿನ್ನದ ಗುಟ್ಟನ್ನು ಹೊರಡಿಸಲು ಮೊದಲು ಕಾಲುಗಳನ್ನು ಸುಡಿಸಿದರು. 1525ರಲ್ಲಿ ಗಲ್ಲಿಗೇರಿಸಿದರು.

ಆಗಸ್ಟ್ 13 ಸಂತ ಹಿಪ್ಪೊಲಿತರ ಸ್ಮರಣೆಯ ದಿನ. ವಸಾಹತು ಕಾಲದಲ್ಲಿ ಪ್ರತಿವರ್ಷ ಆ ದಿನ ಪತಾಕೆಯ ಮೆರವಣಿಗೆ ಮೆಕ್ಸಿಕೊ ನಗರದ ಬೀದಿಗಳಲ್ಲಿ ಹೊರಡುತ್ತಿತ್ತು. ಸ್ವತಃ ರಕ್ತಸಾಕ್ಷಿಯಾಗಿ ಪ್ರಾಣ ತೆತ್ತ ಸಂತನ ಹೆಸರಿನಲ್ಲಿ!

ಮುಂದಿನ ನೂರು ವರ್ಷಗಳಲ್ಲಿ ರೋಗದ ಮೇಲೆ ರೋಗ, ಮೈಮುರಿಯುವ ಬಿಟ್ಟಿ ದುಡಿಮೆ. ಮಧ್ಯ ಮೆಕ್ಸಿಕೊದ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಅಳಿಯಿತೆಂದು ಹಲವು ವಿದ್ವಾಂಸರು ಲೆಕ್ಕಹಾಕಿದ್ದಾರೆ.

ಧರ್ಮಸಭೆ ಎಲ್ಲಿತ್ತು? ಎರಡೂ ಕಡೆ ಇತ್ತು ಎನ್ನಬೇಕು. ಈ ಪತನಕ್ಕೆ ಹತ್ತು ವರ್ಷ ಮೊದಲೇ, 1511ರ ಆಗಮನ ಕಾಲದ ಒಂದು ಭಾನುವಾರ, ಹಿಸ್ಪನಿಯೋಲ ದ್ವೀಪದಲ್ಲಿ ದೊಮಿನಿಕನ್ ಸಭೆಯ ಅಂತೋನಿಯೊ ದೆ ಮೊಂತೆಸಿನೊಸ್ ಅವರು ಪ್ರಸಂಗಪೀಠದಿಂದ, ಈ ಜನರು ಮನುಷ್ಯರಲ್ಲವೇ ಎಂದು ಸ್ಪೇನಿನ ಜಮೀನುದಾರರನ್ನು ಮುಖಕ್ಕೆ ಮುಖ ಕೊಟ್ಟು ಕೇಳಿದ್ದರು. ಗುಲಾಮರ ದುಡಿಮೆಯನ್ನು ಸ್ವತಃ ಉಂಡಿದ್ದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ 1514ರಲ್ಲಿ ಅದನ್ನು ತೊರೆದು, ಉಳಿದ ಅರ್ಧ ಶತಮಾನವನ್ನೇ ಆ ಜನರ ಪರವಾದ ವಾದಕ್ಕೆ ಮುಡಿಪಿಟ್ಟರು. ಅವರೂ ಒಮ್ಮೆ ಆಫ್ರಿಕದ ಗುಲಾಮರನ್ನು ತರಿಸಬಹುದೆಂದು ಹೇಳಿ, ಮುಂದೆ ಅದಕ್ಕಾಗಿ ಪಶ್ಚಾತ್ತಾಪಪಟ್ಟರು. 1537ರಲ್ಲಿ ಜಗದ್ಗುರು ಮೂರನೆಯ ಪೌಲರು, ಆ ಜನರು ಕ್ರೈಸ್ತರಲ್ಲದಿದ್ದರೂ ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಸಿಯುವಂತಿಲ್ಲವೆಂದು ಘೋಷಿಸಿದರು. 1524ರಲ್ಲಿ ಬಂದ ಹನ್ನೆರಡು ಮಂದಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಕರಾವಳಿಯಿಂದ ರಾಜಧಾನಿಯವರೆಗೆ ಬರಿಗಾಲಿನಲ್ಲಿ ನಡೆದರು. ದಾರಿಯಲ್ಲಿ ಜನರು ಅವರ ಹರಿದ ಅಂಗಿಯನ್ನು ಕಂಡು 'ಮೊತೊಲಿನಿಯ', ಎಂದರೆ ಬಡವ, ಎಂದು ಪಿಸುಗುಟ್ಟಿದಾಗ ಒಬ್ಬರು ಅದನ್ನೇ ತಮ್ಮ ಹೆಸರನ್ನಾಗಿ ಮಾಡಿಕೊಂಡರು.

ಇನ್ನೊಂದು ಕಡೆಯೂ ಇದೆ. ಮೊದಲ ಧರ್ಮಾಧ್ಯಕ್ಷರಾದ ಹ್ವಾನ್ ದೆ ಸುಮರ್ರಗ ಅವರು 1531ರಲ್ಲಿ ಬರೆದ ಪತ್ರದಲ್ಲಿ ಐನೂರಕ್ಕೂ ಹೆಚ್ಚು ದೇವಾಲಯಗಳನ್ನು ಕೆಡವಿದ್ದೇವೆ, ಇಪ್ಪತ್ತು ಸಾವಿರ ವಿಗ್ರಹಗಳನ್ನು ಒಡೆದಿದ್ದೇವೆ ಎಂದು ಸಂತೋಷದಿಂದ ವರದಿ ಮಾಡಿದ್ದಾರೆ. ಹಳೆಯ ದೇವರುಗಳನ್ನು ಬಿಡಲಿಲ್ಲವೆಂಬ ಆರೋಪದ ಮೇಲೆ ತೆಸ್ಕೊಕೊದ ನಾಯಕ ದೊನ್ ಕಾರ್ಲೊಸನನ್ನು 1539ರಲ್ಲಿ ಸುಡಲಾಯಿತು. ತೀರ್ಪು ಇದೇ ಧರ್ಮಾಧ್ಯಕ್ಷರದು. ಅದೇ ವರ್ಷ ಆ ಖಂಡದ ಮೊದಲ ಮುದ್ರಣಾಲಯವನ್ನು ತರಿಸಿದವರೂ ಇವರೇ. ಮನುಷ್ಯನನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಕಷ್ಟ. 2015ರಲ್ಲಿ ಬೊಲಿವಿಯ ದೇಶದಲ್ಲಿ, ಈಗ ದಿವಂಗತರಾಗಿರುವ ಜಗದ್ಗುರು ಫ್ರಾನ್ಸಿಸರು, ಅಮೆರಿಕದ ವಿಜಯದ ಹೆಸರಿನಲ್ಲಿ ಮೂಲನಿವಾಸಿಗಳ ವಿರುದ್ಧ ನಡೆದ ಪಾಪಗಳಿಗಾಗಿ ಧರ್ಮಸಭೆಯ ಪರವಾಗಿ ಕ್ಷಮೆ ಬೇಡಿದರು.

1536ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ದಿನ, ತ್ಲಾತೆಲೊಲ್ಕೊ ಎಂಬಲ್ಲಿ, ಎಂದರೆ ಮುತ್ತಿಗೆಯ ಕಡೆಯ ಕಾಳಗ ನಡೆದ ನೆಲದಲ್ಲಿಯೇ, ಫ್ರಾನ್ಸಿಸ್ಕನರು ಪವಿತ್ರ ಶಿಲುಬೆಯ ವಿದ್ಯಾಲಯವನ್ನು ತೆರೆದರು. ಸೋತವರ ಮಕ್ಕಳು ಅಲ್ಲಿ ಲ್ಯಾಟಿನ್ ವ್ಯಾಕರಣ, ತರ್ಕಶಾಸ್ತ್ರ ಕಲಿತು, ಸ್ಪೇನಿನ ಪಂಡಿತರೇ ಮೆಚ್ಚುವಂತೆ ಲ್ಯಾಟಿನಿನಲ್ಲಿ ಬರೆದರು. ಆದರೂ ಅವರು ಗುರುಗಳಾಗಲಿಲ್ಲ. 1555ರ ಮೆಕ್ಸಿಕೊ ಪ್ರಾಂತೀಯ ಪರಿಷತ್ತು ಮೂಲನಿವಾಸಿಗಳಿಗೆ ಗುರುದೀಕ್ಷೆಯನ್ನು ನಿಷೇಧಿಸಿತು. ಇದನ್ನು ಓದಿದಾಗ ನನಗೆ ಗೋವೆಯ ದಿವಾರ್ ದ್ವೀಪದ ಮತ್ತೆಯುಸ್ ದೆ ಕಾಸ್ತ್ರೊ ಅವರ ನೆನಪಾಗುತ್ತದೆ. ಗೋವೆಯಲ್ಲಿ ಗುರುದೀಕ್ಷೆ ನಿರಾಕರಿಸಲ್ಪಟ್ಟ ಅವರು ರೋಮಿಗೆ ಹೋಗಿ ಅದನ್ನು ಪಡೆದು, 1637ರಲ್ಲಿ ಧರ್ಮಾಧ್ಯಕ್ಷರಾಗಿ ನಮ್ಮ ವಿಜಾಪುರದ ಆದಿಲ್‌ಶಾಹಿ ಸೀಮೆಗೆ ನೇಮಕಗೊಂಡರು. ತ್ಲಾತೆಲೊಲ್ಕೊದ ಹುಡುಗರಿಗೆ ಆ ದಾರಿಯೂ ಇರಲಿಲ್ಲ.

ಆ ಹುಡುಗರ ಗುರುಗಳಲ್ಲಿ ಒಬ್ಬರು ಬೆರ್ನಾರ್ದಿನೊ ದೆ ಸಹಗುನ್. 1529ರಲ್ಲಿ ಬಂದವರು, 1590ರಲ್ಲಿ ಅಲ್ಲಿಯೇ ಮಣ್ಣಾದರು. ಹಳ್ಳಿಯ ಹಿರಿಯರನ್ನು ಕೂಡಿಸಿ, ಪ್ರಶ್ನೆಗಳನ್ನು ಮುಂದಿಟ್ಟು, ಅವರು ತಮ್ಮ ಚಿತ್ರಪಟಗಳನ್ನು ನೋಡಿ ಹೇಳಿದ ಉತ್ತರಗಳನ್ನು ತಮ್ಮ ಶಿಷ್ಯರಿಂದ ನಾವಾತ್ಲ್ ಭಾಷೆಯಲ್ಲಿಯೇ ಬರೆಸಿದರು. ಆ ಶಿಷ್ಯರಲ್ಲಿ ಅಂತೋನಿಯೊ ವಲೆರಿಯಾನೊ ಎಂಬವರ ಹೆಸರನ್ನು ಅವರೇ ಕೃತಜ್ಞತೆಯಿಂದ ದಾಖಲಿಸಿದ್ದಾರೆ. ಸಹಗುನರ ಉದ್ದೇಶ ಆ ಧರ್ಮವನ್ನು ಕೊಂಡಾಡುವುದಾಗಿರಲಿಲ್ಲ. ರೋಗವನ್ನರಿಯದ ವೈದ್ಯ ಮದ್ದು ಕೊಡಲಾರ ಎಂದು ತಮ್ಮ ಮುನ್ನುಡಿಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಕೇಳುತ್ತ ಕೇಳುತ್ತ ಕೇಳಿಸಿಕೊಳ್ಳುವುದನ್ನು ಕಲಿತರು. ಹನ್ನೆರಡು ಸಂಪುಟಗಳಾದವು: ದೇವರುಗಳು, ಹಬ್ಬಗಳು, ಹಿರಿಯರು ಮಕ್ಕಳಿಗೆ ಹೇಳುವ ಬುದ್ಧಿಮಾತು, ಗಿಡಮೂಲಿಕೆ, ಹಕ್ಕಿ, ಮೀನು. ಹನ್ನೆರಡನೆಯದೇ ಪತನದ ಕಥೆ, ತ್ಲಾತೆಲೊಲ್ಕೊದ ಮುದುಕರ ಬಾಯಿಂದ ಬಂದದ್ದು. ತೋಷ್ಕಾತ್ಲ್ ಹಬ್ಬದಲ್ಲಿ ಕಡಿದುಬಿದ್ದ ಕೈಗಳೂ, ಮುತ್ತಿಗೆಯ ದಿನಗಳಲ್ಲಿ ತಿಂದ ಹಲ್ಲಿ ಮತ್ತು ಚರ್ಮವೂ ನಮಗೆ ತಿಳಿದಿರುವುದು ಆ ಸಂಪುಟದಿಂದಲೇ.

ಅವರಿಗೂ ಅಡ್ಡಿಗಳು ಬಂದವು. ಸ್ವಂತ ಸಭೆಯ ಹಿರಿಯರೇ ಲಿಪಿಕಾರರ ಖರ್ಚಿಗೆ ಹಣ ನಿಲ್ಲಿಸಿದರು. 1577ರಲ್ಲಿ ದೊರೆ ಎರಡನೆಯ ಫಿಲಿಪನು ಹಸ್ತಪ್ರತಿಗಳನ್ನು ವಶಪಡಿಸಿಕೊಳ್ಳುವಂತೆ ಆಜ್ಞೆ ಮಾಡಿದನು. 1585ರಲ್ಲಿ ಸಹಗುನರು ಹನ್ನೆರಡನೆಯ ಸಂಪುಟವನ್ನು ತಿದ್ದಿ, ಕೊರ್ತೆಸನಿಗೆ ಹೆಚ್ಚು ಅನುಕೂಲವಾಗುವಂತೆ ಮತ್ತೊಮ್ಮೆ ಬರೆದರು. ಮುದುಕರು ಹೇಳಿದ ಮೊದಲ ರೂಪ ಮಾತ್ರ ಅಷ್ಟರಲ್ಲಿ ಸಮುದ್ರ ದಾಟಿತ್ತು. ಅದು ಇಂದಿಗೂ ಇಟಲಿಯ ಫ್ಲಾರೆನ್ಸ್ ನಗರದ ಗ್ರಂಥಾಲಯವೊಂದರಲ್ಲಿದೆ.

ನಮ್ಮ ಪಾದ್ರಿಮನೆಯ ಕಪಾಟಿನಲ್ಲಿ ಈ ಧರ್ಮಕೇಂದ್ರದ ಹಳೆಯ ಜ್ಞಾನಸ್ನಾನದ ದಫ್ತರುಗಳಿವೆ. ಹೆಸರು, ತಂದೆಯ ಹೆಸರು, ದಿನಾಂಕ, ಸ್ನಾನ ನೀಡಿದ ಗುರುಗಳ ರುಜು, ಎಲ್ಲವೂ ಮುತ್ತು ಪೋಣಿಸಿದಂತಹ ಅಕ್ಷರದಲ್ಲಿವೆ. ಆ ಹೊತ್ತು ನಮ್ಮ ಹಿರಿಯರು ಏನು ಮಾತನಾಡಿಕೊಂಡರೆಂಬುದು ಒಂದು ಸಾಲೂ ಇಲ್ಲ. ಅವನ್ನು ತಿರುವುವಾಗಲೆಲ್ಲ ನನಗೆ ಸಹಗುನರ ನೆನಪಾಗುತ್ತದೆ.

ಆ ಗ್ರಂಥದಲ್ಲಿ ಸುಮಾರು ಎರಡೂವರೆ ಸಾವಿರ ಚಿತ್ರಗಳಿವೆ. ಮೊದಲ ಸಂಪುಟಗಳ ಚಿತ್ರಗಳಿಗೆ ಕೆಂಪು, ನೀಲಿ, ಹಳದಿ ಬಣ್ಣಗಳಿವೆ. 1576ರಲ್ಲಿ ಮತ್ತೊಂದು ಮಹಾಮಾರಿ ಬಂದಿತು; ಬಣ್ಣ ತೀರಿತು, ಬರೆಯುವವರೂ ಸಾಯುತ್ತಿದ್ದರು. ಆದ್ದರಿಂದ ಹನ್ನೆರಡನೆಯ ಸಂಪುಟದ ಚಿತ್ರಗಳು ಬಹುಪಾಲು ಬರಿಯ ಕಪ್ಪು ಗೆರೆಗಳಲ್ಲಿವೆ. ಅವುಗಳಲ್ಲಿ ಒಂದು ಸಿಡುಬಿನ ಚಿತ್ರ. ಮೈತುಂಬ ಬೊಕ್ಕೆಗಳೆದ್ದವರು ಚಾಪೆಗಳ ಮೇಲೆ ಮಲಗಿದ್ದಾರೆ. ಶುಶ್ರೂಷೆ ಮಾಡುತ್ತಿರುವ ಒಬ್ಬಾಕೆ ಒಬ್ಬ ರೋಗಿಯ ಕಡೆಗೆ ಬಾಗಿದ್ದಾಳೆ. ಆಕೆಯ ಬಾಯಿಯ ಮುಂದೆ ಚಿತ್ರಕಾರ ಒಂದು ಸಣ್ಣ ಸುರುಳಿಯನ್ನು ಬರೆದಿದ್ದಾನೆ. ಆ ಜನರ ಚಿತ್ರಲಿಪಿಯಲ್ಲಿ ಅದು, ಮಾತನಾಡುತ್ತಿದ್ದಾಳೆ ಎಂಬುದರ ಗುರುತು.